ಕರಿಕಲ್ಲಿನೊಳಗಿನ ಸ್ಫಟಿಕಗಳು: ಅವುಗಳ ಹುಟ್ಟು, ಗುರುತು, ಸಂಗ್ರಹ

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವಾಗ ದಾರಿಯ ಎರಡೂ ಬದಿಗೆ ನಮಗೆ ಕಾಣುವುದೇನು? ಎರೆಹೊಲ, ಜೋಳ, ತೊಗರಿ. ಅಲ್ಲಲ್ಲಿ ಒಂದು ಬಾವಿ. ಬಾವಿಯ ದಂಡೆಯ ಮೇಲೆ ತೋಡಿ ಹಾಕಿದ ಕಲ್ಲು ಗರಸಿನ ಗುಡ್ಡೆ. ಈ ಗುಡ್ಡೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಒಂದು ದೊಡ್ಡ ಮಳೆ ಬಂದು ಹೋದ ಮರುದಿನ ಎಳೆಬಿಸಿಲಿನಲ್ಲಿ ಅದರತ್ತ ನೋಡಿರಿ. ಕರಿಕಲ್ಲಿನ ನಡುವೆ ಬಿಳಿಯ, ನಸುಗೆಂಪಿನ ಚೂರುಗಳು ಮಿನುಗುತ್ತವೆ. ಅವು ಗಾಜಿನ ಚೂರುಗಳಲ್ಲ, ನಮ್ಮ ನೆಲದ ಹೊಟ್ಟೆಯಲ್ಲಿ ಬೆಳೆದ ಸ್ಫಟಿಕಗಳು. ಅವು ಹೇಗೆ ಹುಟ್ಟಿದವು, ಅವನ್ನು ಗುರುತಿಸುವುದು ಹೇಗೆ, ಸಂಗ್ರಹಿಸುವ ಸರಿಯಾದ ರೀತಿ ಯಾವುದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಕರಿಕಲ್ಲಿನ ಹುಟ್ಟು

ನಮ್ಮ ಭಾಗದ ಕರಿಕಲ್ಲಿಗೆ ಭೂವಿಜ್ಞಾನಿಗಳು ಬಸಾಲ್ಟ್ ಎನ್ನುತ್ತಾರೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಕುದಿಯುವ ಶಿಲಾರಸವು ಹೊರಬಂದು ಹರಡಿತು. ಒಂದು ಪದರು ಆರಿದ ಮೇಲೆ ಮತ್ತೊಂದು, ಅದರ ಮೇಲೆ ಇನ್ನೊಂದು, ಹೀಗೆ ಪದರುಗಳು ಕೂಡುತ್ತ ಹೋದವು. ಇಂದಿಗೂ ಈ ಕಲ್ಲು ದಖ್ಖನಿನ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದುಕೊಂಡಿದೆ. ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಇದಕ್ಕೆ ದಖ್ಖನ್ ಟ್ರ್ಯಾಪ್ ಎಂಬ ಹೆಸರು ಬಂತು. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಶಬ್ದದಿಂದ ಬಂದುದು. ವಿಜಾಪುರದ ಗೋಲಗುಮ್ಮಟವನ್ನು ಕಟ್ಟಿದ್ದೂ ಈ ಕಲ್ಲಿನಿಂದಲೇ. ನಮ್ಮ ಎರೆಮಣ್ಣು ಹುಟ್ಟಿದ್ದೂ ಈ ಕಲ್ಲು ಸವೆದು ಪುಡಿಯಾದುದರಿಂದಲೇ.

ಶಿಲಾರಸದಲ್ಲಿ ಅನಿಲ ಬೆರೆತಿತ್ತು. ದೋಸೆಯ ಹಿಟ್ಟು ಕಾದ ಹಂಚಿನ ಮೇಲೆ ಬಿದ್ದಾಗ ಗುಳ್ಳೆಗಳು ಮೇಲಕ್ಕೆದ್ದು ತೂತು ಬೀಳುವುದನ್ನು ನಾವು ದಿನವೂ ನೋಡುತ್ತೇವೆ. ಶಿಲಾರಸದಲ್ಲಿಯೂ ಗುಳ್ಳೆಗಳು ಮೇಲಕ್ಕೆದ್ದವು. ಅಷ್ಟರಲ್ಲಿ ರಸ ಗಟ್ಟಿಯಾಯಿತು. ಆದ್ದರಿಂದ ಪ್ರತಿಯೊಂದು ಪದರಿನ ಮೇಲ್ಭಾಗದಲ್ಲಿ ಗುಳಿಗಳು ಹೆಚ್ಚು. ಕೆಲವು ಸಾಸಿವೆಯಷ್ಟು, ಕೆಲವು ಕೊಡದಷ್ಟು. ಮುಂದೆ ಬಿಸಿನೀರು ಕಲ್ಲಿನೊಳಗೆ ಇಳಿದು ಸಿಲಿಕಾ, ಸುಣ್ಣ, ಸೋಡಿಯಂ, ಅಲ್ಯೂಮಿನಿಯಂ ಮುಂತಾದವನ್ನು ಕರಗಿಸಿಕೊಂಡು ಈ ಗುಳಿಗಳಲ್ಲಿ ನಿಂತಿತು. ಸಕ್ಕರೆಯ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವಂತೆ ಗುಳಿಯ ಗೋಡೆಗೆ ಸ್ಫಟಿಕಗಳು ಮೆಲ್ಲನೆ ಕಟ್ಟಿದವು.

ಯಾವುದು ಯಾವುದು?

ಈ ಸ್ಫಟಿಕಗಳಲ್ಲಿ ಮುಖ್ಯವಾದುದು ಜಿಯೋಲೈಟ್ ಎಂಬ ಕುಟುಂಬ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬ ವಿಜ್ಞಾನಿಯು ಇಂಥ ಒಂದು ಕಲ್ಲನ್ನು ಉರಿಗೆ ಹಿಡಿದಾಗ ಅದು ನೀರು ಬಿಟ್ಟು ಕುದಿದಂತೆ ಉಬ್ಬಿತು. ಆದ್ದರಿಂದ ಅವನು ಗ್ರೀಕ್ ಭಾಷೆಯ ಶಬ್ದಗಳಿಂದ ಇದಕ್ಕೆ ‘ಕುದಿಯುವ ಕಲ್ಲು’ ಎಂದು ಹೆಸರಿಟ್ಟನು. ಈ ಖನಿಜದ ಒಳರಚನೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ನೀರು ಅಲ್ಲಿ ಅಡಗಿರುತ್ತದೆ. ಇದೇ ಗುಣವುಳ್ಳ ಕೃತಕ ಜಿಯೋಲೈಟನ್ನು ಇಂದು ಬಟ್ಟೆ ಒಗೆಯುವ ಪುಡಿಯಲ್ಲಿ ಬೆರೆಸುತ್ತಾರೆ. ನಮ್ಮ ಬೋರಿನ ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲವಷ್ಟೇ? ಆ ಗಡಸಿಗೆ ಕಾರಣವಾದ ಸುಣ್ಣದ ಅಂಶವನ್ನು ಜಿಯೋಲೈಟ್ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ.

ದಖ್ಖನಿನ ಕರಿಕಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವ ಕೆಲವು ಖನಿಜಗಳನ್ನು ಹೀಗೆ ಗುರುತಿಸಬಹುದು:

1. ಸ್ಟಿಲ್ಬೈಟ್: ಬಿಳಿ ಅಥವಾ ನಸುಗೆಂಪು ಬಣ್ಣ. ಕಟ್ಟಿದ ಜೋಳದ ಸಿವುಡಿನಂತೆ ನಡುವೆ ಸಣ್ಣಗೆ, ತುದಿಗಳಲ್ಲಿ ಅಗಲವಾಗಿರುತ್ತದೆ.
2. ಸ್ಕೋಲೆಸೈಟ್: ಬಿಳಿಯ ಸೂಜಿಗಳನ್ನು ಒಂದೇ ಕಡೆಯಿಂದ ಬಿಚ್ಚಿ ಹರಡಿದಂತೆ ಕಾಣುತ್ತದೆ.
3. ಅಪೊಫಿಲೈಟ್: ಇದು ಜಿಯೋಲೈಟ್ ಅಲ್ಲ, ಅದರ ಜೊತೆಗಾರ. ನಾಲ್ಕು ಮೂಲೆಯ ಕಂಬದಂತೆ ಇರುತ್ತದೆ. ತುದಿಯು ಚಪ್ಪಟೆಯಾಗಿದ್ದರೆ ಮುತ್ತಿನಂತೆ ಹೊಳೆಯುತ್ತದೆ.
4. ಕ್ಯಾಲ್ಸೈಟ್: ಒಡೆದರೆ ಓರೆಯಾದ ಪೆಟ್ಟಿಗೆಯ ಆಕಾರದ ಚೂರುಗಳಾಗುತ್ತವೆ. ಲಿಂಬೆಯ ರಸದ ಹನಿ ಬಿದ್ದರೆ ಸಣ್ಣ ಗುಳ್ಳೆಗಳು ಏಳುತ್ತವೆ.
5. ಬೆಣಚುಕಲ್ಲಿನ ಸ್ಫಟಿಕ: ಆರು ಮುಖ, ಚೂಪು ತುದಿ. ಗಾಜಿನ ಮೇಲೆ ಗೀರು ಹಾಕುತ್ತದೆ. ಮರಾಠಿಯಲ್ಲಿ ಗಾರಗೋಟಿ ಎನ್ನುವುದು ಈ ಜಾತಿಯ ಕಲ್ಲಿಗೇ.

1812ರಲ್ಲಿ ಮೋಸ್ ಎಂಬ ಜರ್ಮನ್ ಖನಿಜತಜ್ಞನು ಖನಿಜಗಳ ಗಡಸುತನವನ್ನು 1ರಿಂದ 10ರ ವರೆಗೆ ಅಂಕಿಗಳಲ್ಲಿ ಜೋಡಿಸಿದನು. ಇದರಲ್ಲಿ ನಮ್ಮ ಉಗುರಿಗೆ ಸುಮಾರು 2½, ಕ್ಯಾಲ್ಸೈಟಿಗೆ 3, ಕಿಟಕಿಯ ಗಾಜಿಗೆ ಸುಮಾರು 5½, ಬೆಣಚುಕಲ್ಲಿಗೆ 7. ಗೀರು ಹಾಕಿ ನೋಡುವಾಗ ಒಡೆದ ಚೂರನ್ನೇ ಬಳಸಬೇಕು, ಒಳ್ಳೆಯ ಸ್ಫಟಿಕದ ಮೇಲೆ ಪರೀಕ್ಷೆ ಮಾಡಬಾರದು.

ಇವು ಸಾಮಾನ್ಯವಾದವು. ಅಪರೂಪವಾದದ್ದೂ ಇದೇ ಕರಿಕಲ್ಲಿನಲ್ಲಿದೆ. ಕ್ಯಾವನ್ಸೈಟ್ ಎಂಬ ಕಡುನೀಲಿಯ ಖನಿಜವನ್ನು ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಸಿಕ್ಕ ಮಾದರಿಗಳಿಂದ 1973ರಲ್ಲಿ ಹೊಸ ಖನಿಜವೆಂದು ವರ್ಣಿಸಿದರು. ಆದರೆ ಅದರ ಅತಿ ಸುಂದರ ಮಾದರಿಗಳು ದೊರೆತದ್ದು ಪುಣೆಯ ಬಳಿಯ ವಾಘೋಲಿಯ ಖಣಿಗಳಲ್ಲಿ. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಇರುವ ಆ ನೀಲಿ ಕಲ್ಲುಗಳು ರಸ್ತೆಗೆ ಹಾಕುವ ಖಡಿಯ ಜೊತೆಗೆ ಹೊರಬಂದವುಗಳು. ನಾಸಿಕದ ಹತ್ತಿರ ಸಿನ್ನರಿನಲ್ಲಿ ಗಾರಗೋಟಿ ಎಂಬ ಹೆಸರಿನ ಖನಿಜ ಸಂಗ್ರಹಾಲಯವೇ ಇದೆ. ಅತ್ತ ಪ್ರವಾಸ ಹೋಗುವ ಪಾಲಕರು ಮಕ್ಕಳಿಗೆ ಅದನ್ನು ತೋರಿಸಬೇಕು.

ನಮ್ಮ ಪೆಟ್ಟಿಗೆ ಕಲಿಸಿದ ಪಾಠ

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ವಿಜ್ಞಾನದ ಕೋಣೆಯಲ್ಲಿ ಹಿಂದಿನ ವಿದ್ಯಾರ್ಥಿಗಳು ತಂದ ಮೂವತ್ತಕ್ಕೂ ಹೆಚ್ಚು ಕಲ್ಲುಗಳ ಒಂದು ಪೆಟ್ಟಿಗೆ ಇತ್ತು. ಪ್ರತಿ ಕಲ್ಲಿನ ಕೆಳಗೆ ಒಂದು ಚೀಟಿ. ಒಂದು ಬೇಸಿಗೆಯಲ್ಲಿ ಗೋಡೆಗೆ ಸುಣ್ಣ ಬಳಿಯುವಾಗ ನಾವು ಅವಸರದಿಂದ ಕಲ್ಲುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿದೆವು. ಚೀಟಿಗಳನ್ನು ಒಂದು ಲಕೋಟೆಯಲ್ಲಿಟ್ಟೆವು. ಮತ್ತೆ ಜೋಡಿಸಲು ಕುಳಿತಾಗ ಯಾವ ಚೀಟಿ ಯಾವ ಕಲ್ಲಿನದೆಂದು ತಿಳಿಯಲಿಲ್ಲ. ಕೆಲವು ದಿನಗಳ ಮೇಲೆ ಭೂವಿಜ್ಞಾನದ ಪ್ರಾಧ್ಯಾಪಕರೊಬ್ಬರು ಬಂದರು. ಒಂದು ನಸುಗೆಂಪು ಕಲ್ಲನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, “ಬಹಳ ಚೆನ್ನಾಗಿದೆ. ಎಲ್ಲಿಯದು?” ಎಂದು ಕೇಳಿದರು. ನಾವು ಉತ್ತರ ಕೊಡಲಾರದೆ ಹೋದೆವು. ಅವರು ಏನೂ ಅನ್ನದೆ ಅದನ್ನು ಮೆಲ್ಲನೆ ಕೆಳಗಿಟ್ಟರು.

ಸ್ಥಳ ತಿಳಿಯದ ಕಲ್ಲು ಅಂದದ ಕಲ್ಲು, ಅಷ್ಟೇ. ಸ್ಥಳವೂ ಆಳವೂ ತಿಳಿದ ಕಲ್ಲು ಆ ಊರಿನ ನೆಲದೊಳಗಿನ ಸಾಕ್ಷಿ. ಯಾವ ಪದರಿನಲ್ಲಿ ಗುಳಿಗಳಿವೆ, ಅಲ್ಲಿ ಎಂಥ ನೀರು ಹರಿದಿತ್ತು ಎಂಬುದನ್ನು ಅದು ಹೇಳುತ್ತದೆ. ಹುಡುಗರು ಬಿಸಿಲಿನಲ್ಲಿ ಅಲೆದು ತಂದ ಸಾಕ್ಷಿಯನ್ನು ನಾವು ಒಂದು ಗಳಿಗೆಯ ಅವಸರದಲ್ಲಿ ಕಳೆದಿದ್ದೆವು.

ಮುಂದೆ ಪಾಲಕರ ಸಭೆಯ ದಿನ ಆ ಕಲ್ಲುಗಳನ್ನು ಮೇಜಿನ ಮೇಲೆ ಹರವಿ ಇಟ್ಟೆವು. ವಯಸ್ಸಾದ ರೈತರೊಬ್ಬರು ಬಂದು ನಿಂತು ಅದೇ ನಸುಗೆಂಪು ಕಲ್ಲನ್ನು ತಿರುವಿ ನೋಡಿ, “ಇದು ನಮ್ಮ ಹೊಲದ ಬಾವೀದು ಅದರೀ ಸರ. ಮೂರಾಳು ಆಳದಾಗ ಸಿಕ್ಕಿತ್ತು. ನಮ್ಮ ಹುಡುಗ ಸಾಲಿಗೆ ಒಯ್ತೀನಿ ಅಂತ ಹಟಾ ಹಿಡಿದಿದ್ದ” ಎಂದರು. ಹಾರಿಯ ಪೆಟ್ಟು ಬಿದ್ದ ಮೂಲೆಯನ್ನೂ ತೋರಿಸಿದರು. ಮೂವತ್ತರಲ್ಲಿ ಒಂದಕ್ಕೆ ವಿಳಾಸ ಮರಳಿ ಬಂತು. ಉಳಿದವುಗಳ ವಿಳಾಸ ಇನ್ನೂ ಬಂದಿಲ್ಲ.

ಸಂಗ್ರಹದ ಕ್ರಮ

ಕಲ್ಲು ಕೈಗೆ ಬಂದ ಕೂಡಲೇ, ಮನೆಗೆ ಬಂದ ಮೇಲಲ್ಲ, ಅಲ್ಲಿಯೇ ಬರೆದುಕೊಳ್ಳಬೇಕು. ಕಲ್ಲಿನ ಹಿಂಬದಿಗೆ ಬಿಳಿ ಬಣ್ಣದ ಸಣ್ಣ ಚುಕ್ಕೆ ಇಟ್ಟು, ಒಣಗಿದ ಮೇಲೆ ಅದರ ಮೇಲೆ ಶಾಯಿಯಿಂದ ಸಂಖ್ಯೆ ಬರೆಯಬೇಕು. ಅದೇ ಸಂಖ್ಯೆ ಚೀಟಿಯ ಮೇಲೆ, ಅದೇ ಸಂಖ್ಯೆ ವಹಿಯಲ್ಲಿ. ಆಗ ಚೀಟಿ ಕಳೆದರೂ ಕಲ್ಲು ಅನಾಥವಾಗುವುದಿಲ್ಲ. ಊರು, ತಾಲೂಕು, ಜಿಲ್ಲೆ, ಬಾವಿಯೋ ಖಣಿಯೋ ಹಳ್ಳವೋ, ಎಷ್ಟು ಆಳ, ತಾರೀಖು, ಕೊಟ್ಟವರ ಹೆಸರು, ಇಷ್ಟೂ ವಹಿಯಲ್ಲಿ ಇರಬೇಕು. ಊರಿನ ಹೆಸರೊಂದೇ ಸಾಲದು. ನಮ್ಮ ಅಕ್ಕಲಕೋಟ ಸೊಲ್ಲಾಪುರ ಜಿಲ್ಲೆಯದು; ಅಕ್ಕಲಕುವಾ ಎಂಬ ಊರು ದೂರದ ನಂದುರಬಾರ ಜಿಲ್ಲೆಯದು. ಎರಡೂ ಕರಿಕಲ್ಲಿನ ನಾಡೇ. ಅವಸರದ ಬರಹದಲ್ಲಿ ಎರಡು ಅಕ್ಷರ ತಪ್ಪಿದರೆ ಕಲ್ಲು ನೂರಾರು ಮೈಲು ಆಚೆಗೆ ಹೋಗಿಬಿಡುತ್ತದೆ!

ತೊಳೆಯಲು ತಣ್ಣೀರು, ಮೆತ್ತಗಿನ ಹಲ್ಲುಜ್ಜುವ ಬ್ರಶ್ ಸಾಕು. ಸೂಜಿಯಂಥ ಸ್ಫಟಿಕಗಳಿಗೆ ಬ್ರಶ್ ತಾಗಿಸದೆ ಬರಿಯ ಊದಿ ಧೂಳು ತೆಗೆಯಬೇಕು. ಹುಳಿಯಲ್ಲಿ ನೆನೆಸಿದರೆ ಕ್ಯಾಲ್ಸೈಟ್ ಕರಗುತ್ತದೆ. ಲಾಮಂಟೈಟ್ ಎಂಬ ಬಿಳಿಯ ಜಿಯೋಲೈಟ್ ಒಣಹವೆಯಲ್ಲಿ ತನ್ನ ನೀರು ಕಳೆದುಕೊಂಡು ತಾನಾಗಿಯೇ ಪುಡಿಯಾಗುತ್ತದೆ. ಆದ್ದರಿಂದ ಯಾವ ಕಲ್ಲನ್ನೂ ಬಿಸಿಲಿನಲ್ಲಿಟ್ಟು ಒಣಗಿಸಬಾರದು. ಹಳೆಯ ಬೆಂಕಿಪೊಟ್ಟಣ, ಅರಳೆ, ರಟ್ಟಿನ ಪೆಟ್ಟಿಗೆ ಇದ್ದರೆ ಖರ್ಚಿಲ್ಲದೆ ಸಂಗ್ರಹಾಲಯವಾಗುತ್ತದೆ.

ಎಚ್ಚರಿಕೆಯ ಮಾತು

ಖಣಿಯೊಳಗೆ, ಅರ್ಧ ತೋಡಿದ ಬಾವಿಯೊಳಗೆ ಮಕ್ಕಳು ಎಂದೂ ಇಳಿಯಬಾರದು. ಅಲ್ಲಿ ಮದ್ದು ಸಿಡಿಸುತ್ತಾರೆ. ಸಡಿಲಾದ ಬಂಡೆ ಹೇಳದೆ ಕೇಳದೆ ಉರುಳುತ್ತದೆ. ಮಳೆಗಾಲದಲ್ಲಿ ಖಣಿಯ ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ. ಜಗತ್ತಿನ ಯಾವ ಸ್ಫಟಿಕವೂ ಒಂದು ಮಗುವಿನ ಬೆರಳಿಗೆ ಸಮನಲ್ಲ. ಮೇಲೆ ಬಿದ್ದ ಗುಡ್ಡೆಯಲ್ಲಿ ನಮಗೆ ಬೇಕಾದಷ್ಟಿದೆ. ಅಲ್ಲಿಯೂ ಹೊಲದ ಯಜಮಾನರನ್ನು ಕೇಳಿ, ಹಿರಿಯರ ಜೊತೆಯಲ್ಲಿ ಹೋಗಬೇಕು. ಸುತ್ತಿಗೆ ಹಿಡಿಯುವುದಾದರೆ ಕಣ್ಣಿಗೆ ಕನ್ನಡಕ ಇರಲಿ. ಒಳ್ಳೆಯ ಗುಳಿ ಕಂಡರೆ ಆಸೆಯಿಂದ ಒಡೆದು ಹಾಳು ಮಾಡುವುದಕ್ಕಿಂತ ಇದ್ದಂತೆಯೇ ನೋಡಿ ಚಿತ್ರ ಬರೆದುಕೊಳ್ಳುವುದು ಲೇಸು.

ಪಾಲಕರಲ್ಲಿ ಒಂದು ವಿನಂತಿ. ಬಾವಿ ತೋಡಿದ ಹಿರಿಯರಿಗೆ, ಕಲ್ಲು ಒಡೆಯುವ ಕಾರ್ಮಿಕರಿಗೆ ಯಾವ ಆಳದಲ್ಲಿ ಗರಸು ಮುಗಿದು ಗಟ್ಟಿಕಲ್ಲು ಬಂತು, ಎಲ್ಲಿ ಬಿಳಿಕಲ್ಲು ಸಿಕ್ಕಿತು, ಎಲ್ಲಿ ನೀರು ಒಡೆಯಿತು ಎಂಬುದೆಲ್ಲ ಬಾಯಲ್ಲಿದೆ. ಅದು ಯಾವ ಪುಸ್ತಕದಲ್ಲಿಯೂ ಇಲ್ಲ. ಮಕ್ಕಳು ವಹಿ ಹಿಡಿದು ಕೇಳಲು ಬಂದರೆ ದಯವಿಟ್ಟು ಹತ್ತು ನಿಮಿಷ ಕೂತು ಹೇಳಿರಿ.

ನಮ್ಮ ಹೊಸ ವಹಿಯ ಮೊದಲನೆಯ ಸಂಖ್ಯೆ ಆ ನಸುಗೆಂಪು ಕಲ್ಲಿನದು: ‘ಸ್ಟಿಲ್ಬೈಟ್. ಅಕ್ಕಲಕೋಟ ತಾಲೂಕು, ಸೊಲ್ಲಾಪುರ ಜಿಲ್ಲೆ. ಹೊಲದ ಬಾವಿ, ಮೂರಾಳು ಆಳ.’ ಎರಡನೆಯ ಸಾಲು ಖಾಲಿ ಇದೆ. ವಿದ್ಯಾರ್ಥಿ ಮಿತ್ರರೇ, ಅದನ್ನು ತುಂಬಿಸುವವರು ನೀವು.