ವಿದ್ಯಾರ್ಥಿ ದಾಸೋಹ

ದಾಸೋಹವೆಂದೊಡನೆ ಎಲೆ ಹಾಕಿ ಅನ್ನ ಬಡಿಸುವುದೆಂದೇ ಜನ ತಿಳಿಯುವುದು ರೂಢಿ. ಶರಣರು ಆ ಪದಕ್ಕೆ ಕೊಟ್ಟ ವಿಸ್ತಾರ ಅದಕ್ಕಿಂತಲೂ ಹಿರಿದು. ತನಗೆ ದೊರೆತುದು ತನ್ನದಲ್ಲವೆಂಬ ಅರಿವಿನಿಂದ, ಬಾಗಿಲಿಗೆ ಬಂದವನಲ್ಲಿ ಜಂಗಮವನ್ನು ಕಂಡು, ತನ್ನಲ್ಲಿರುವುದನ್ನು ಅಳುಕಿಲ್ಲದೆ, ಅಭಿಮಾನವಿಲ್ಲದೆ ಸಮರ್ಪಿಸುವುದೇ ದಾಸೋಹ. ಬಂದವನು ಹಸಿದಿದ್ದರೆ ಅದು ಅನ್ನ, ಅಂಜಿದ್ದರೆ ಅಭಯ, ಅರಿಯದವನಾಗಿದ್ದರೆ ಅರಿವು. ಪ್ರತಿ ವರ್ಷವೂ ಮುಂಗಾರಿನ ಮೊದಲ ಮಳೆಯೊಂದಿಗೆ ವಿದ್ಯಾವರ್ಷ ತೆರೆಯುವಾಗ ಈ ಮೂರನ್ನೂ ಒಟ್ಟಿಗೆ ಬೇಡುವ ಅತಿಥಿಯೊಬ್ಬನು ಊರೂರಿನ ಬಾಗಿಲಲ್ಲಿ ನಿಲ್ಲುತ್ತಾನೆ. ಮನೆ ಬಿಟ್ಟು ಬಂದ ವಿದ್ಯಾರ್ಥಿಯೇ ಆ ಅತಿಥಿ.

ವಿಜಯಪುರ, ಬಾಗಲಕೋಟೆ, ರಾಯಚೂರು, ಕಲಬುರಗಿ ಸೀಮೆಗಳ ಲಿಂಗಾಯತ ಗೃಹಸ್ಥರಿಗೆ ಈ ಮಾತು ಹೊಸತಲ್ಲ. ಆ ಸೀಮೆಗಳ ಮಕ್ಕಳು ಹತ್ತನೆಯ ತರಗತಿ ಮುಗಿಸಿ ಘಟ್ಟ ಇಳಿದು ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ, ಉಜಿರೆ, ಬಂಟ್ವಾಳಗಳ ಕಾಲೇಜುಗಳಿಗೆ ಸೇರುವುದು ಇಂದು ವಾಡಿಕೆಯೇ ಆಗಿದೆ. ಪದವಿಪೂರ್ವ ತರಗತಿಗಳು ಜೂನಿನಲ್ಲಿ ತೆರೆದರೆ, ಪದವಿ ತರಗತಿಗಳು ಅದರ ಹಿಂದೆಯೇ ಆರಂಭವಾಗುತ್ತವೆ. ಆಗ ಚಾರ್ಮಾಡಿ ಘಟ್ಟದಲ್ಲಿ ಮಂಜು ಕವಿದಿರುತ್ತದೆ, ಶಿರಾಡಿಯಲ್ಲಿ ಮಣ್ಣು ಕುಸಿಯುತ್ತಿರುತ್ತದೆ. ವರ್ಷವೆಲ್ಲ ಕೂಡಿದರೂ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಬಯಲಿನಿಂದ ಹೊರಟ ಮಗು, ಸುಮಾರು 4000 ಮಿಲಿಮೀಟರ್ ಸುರಿಯುವ ನಾಡಿನಲ್ಲಿ, ಮಳೆಯ ತೀರಾ ಜೋರಿನ ದಿನಗಳಲ್ಲಿಯೇ, ಕಬ್ಬಿಣದ ಪೆಟ್ಟಿಗೆಯೊಂದಿಗೆ ಇಳಿಯುತ್ತದೆ. ಒಗೆದ ಬಟ್ಟೆ ಒಣಗುವುದಿಲ್ಲ. ಜೋಳದ ರೊಟ್ಟಿಯ ಬದಲು ಕುಚ್ಚಲಕ್ಕಿಯ ಅನ್ನ. ಸುತ್ತಲಿನವರ ಮಾತು ತುಳು; ಪ್ರೀತಿಯಿಂದ ‘ಬಲೆ’ ಎಂದು ಕರೆದರೆ, ಅದು ‘ಬನ್ನಿ’ ಎಂಬ ಉಪಚಾರವೆಂದು ತಿಳಿಯದೆ, ಮೀನು ಹಿಡಿಯುವ ಬಲೆಯೇನೋ ಎಂದು ಹುಡುಗನು ಬೆಪ್ಪಾಗಿ ನಿಲ್ಲುವುದೂ ಉಂಟು.

ಆದರೆ ಬಂದವರನ್ನು ಬರಮಾಡಿಕೊಳ್ಳುವ ಸಂಸ್ಕಾರ ಆ ನಾಡಿನಲ್ಲಿ ಬೇರುಬಿಟ್ಟಿದೆ. ತುಳುನಾಡಿನ ಹಳೆಯ ಮನೆಗಳಲ್ಲಿ ಅತಿಥಿಯ ಕೈಗೆ ಮೊದಲು ಬರುವುದು ಬೆಲ್ಲ ಮತ್ತು ನೀರು, ಕುಶಲಪ್ರಶ್ನೆ ಆಮೇಲೆ. ವಿದ್ಯೆಯ ವಿಷಯದಲ್ಲಿಯೂ ಅದೇ ಕ್ರಮ ನಡೆದುಬಂದಿದೆ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಸಿದ್ಧವನ ಗುರುಕುಲವನ್ನು ತೆರೆದರು. ಘಟ್ಟದ ಬುಡದ ಹಳ್ಳಿಗಳ ಬಡ ಹುಡುಗರಿಗೆ ಆಗ ಶಾಲೆಯೆಂದರೆ ಕಾಡು ಹೊಳೆ ದಾಟಿ ಹೋಗುವ ದಾರಿ. ಅಂತಹ ಕಾಲದಲ್ಲಿ ಊಟ, ವಸತಿ ಎರಡನ್ನೂ ಉಚಿತವಾಗಿ ಕೊಟ್ಟು, ಪ್ರಾರ್ಥನೆ ಯೋಗಾಭ್ಯಾಸಗಳ ಶಿಸ್ತಿನಲ್ಲಿ ಮಕ್ಕಳನ್ನು ಬೆಳೆಸುವ ಮನೆಯೊಂದು ಹುಟ್ಟಿತು. ಅದೇ ಊರಿನಲ್ಲಿ ರತ್ನವರ್ಮ ಹೆಗ್ಗಡೆಯವರು 1966ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜನ್ನು ಸ್ಥಾಪಿಸಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಉಜಿರೆಯಲ್ಲಿ ಮೊದಲು ಬಂದುದು ಅನ್ನದ ಮನೆ, ಕಾಲೇಜು ಬಂದುದು 26 ವರ್ಷಗಳ ಅನಂತರ. ಇಂದು ಕಟ್ಟಡವನ್ನು ಮೊದಲು ಎಬ್ಬಿಸಿ, ಹುಡುಗರು ಎಲ್ಲಿ ಉಣ್ಣುವರೆಂಬುದನ್ನು ಆಮೇಲೆ ಯೋಚಿಸುವವರು ಈ ಅನುಕ್ರಮವನ್ನು ನೋಡುವುದು ಒಳ್ಳೆಯದು.

ವೀರಶೈವ ಮಠಗಳು ಹಿಡಿದ ದಾರಿಯೂ ಇದೇ. ಹಿಂದೆ ಬಡ ವಿದ್ಯಾರ್ಥಿಗೆ ವಾರಾನ್ನವೊಂದೇ ಗತಿಯಾಗಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಣಿಸಿದವರ ಪುಣ್ಯ ದೊಡ್ಡದೇ. ಆದರೆ ಏಳು ಮನೆಯ ಏಳು ಬಗೆಯ ಮುಖ ನೋಡಿ ಉಣ್ಣುವ ಹುಡುಗನ ಮನಸ್ಸು ಎಷ್ಟು ಕುಗ್ಗುತ್ತಿತ್ತೆಂಬುದನ್ನು ಉಂಡವರೇ ಬಲ್ಲರು. ಪ್ರಸಾದ ನಿಲಯವೆಂಬ ಏರ್ಪಾಡು ಈ ಕುಗ್ಗುವಿಕೆಯನ್ನು ಕಳೆಯಿತು. ಅಲ್ಲಿ ಬಡಿಸುವುದು ಒಬ್ಬ ಯಜಮಾನನ ಅನ್ನವಲ್ಲ, ಸಮಾಜದ ಪ್ರಸಾದ. ಉಣ್ಣುವವನು ಯಾರ ಋಣಕ್ಕೂ ತಲೆ ಬಾಗಿಸಬೇಕಾಗಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ 1930ರಲ್ಲಿ ಮಠದ ಹೊಣೆಗೆ ಕರೆ ಬಂದು, 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೆ, ಭಕ್ತರ ಹೊಲದ ರಾಗಿಯನ್ನೂ ಜೋಳಿಗೆಯ ಕಾಣಿಕೆಯನ್ನೂ ಕೂಡಿಸಿ ಸಾವಿರಾರು ಮಕ್ಕಳ ಎಲೆಯನ್ನು ತುಂಬಿಸಿದುದು ನಾಡೇ ಕಂಡ ಸಂಗತಿ. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದವರು ಸಿರಿವಂತರಲ್ಲ, ಏಳು ಮಂದಿ ಶಿಕ್ಷಣಪ್ರೇಮಿಗಳು. ಹಣವಂತರ ದಾನ ಅವರ ಬೆನ್ನ ಹಿಂದೆ ಬಂದಿತು.

ಇನ್ನು, ಬರಮಾಡಿಕೊಳ್ಳುವ ರೀತಿಯ ವಿಚಾರ. ಹೊಸಬನನ್ನು ಹೊಗಳಿ ಹಾರ ಹಾಕುವುದಷ್ಟೇ ಸ್ವಾಗತವಲ್ಲವೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲ ಬಲ್ಲರು. ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪವು ಮೊದಲು ಎದುರುಗೊಂಡದ್ದು ಪ್ರಶ್ನೆಗಳಿಂದ. ಅಲ್ಲಮಪ್ರಭುಗಳು ಆಕೆಯ ಪತಿಯ ಕುರುಹು ಕೇಳಿದರು. ಉಡುಗೆ ತೊರೆದ ಮೇಲೂ ಕೂದಲಿನ ಮರೆ ಏಕೆಂದು ಕೇಳಿದರು. ಮಾತು ಮೇಲ್ನೋಟಕ್ಕೆ ಕಠೋರ. ಆದರೆ ಪ್ರತಿಯೊಂದು ಪ್ರಶ್ನೆಯೂ ಆಕೆಯ ಒಳಗಿದ್ದುದನ್ನು ಹೊರಗೆ ತೆರೆಯಿತು. ಉತ್ತರ ಕೇಳಿದ ಶರಣರು ತಲೆದೂಗಿದರು. ಪ್ರಶ್ನಿಸಿದವರೇ ಕೊನೆಗೆ ಆಕೆಯನ್ನು ಕೊಂಡಾಡಿದರು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕದಲ್ಲಿದ್ದ ಮುಕ್ತಾಯಕ್ಕನೊಡನೆ ಪ್ರಭುಗಳು ಆಡಿದ ಮಾತೂ ಬರಿಯ ಸಾಂತ್ವನವಲ್ಲ, ಸಂವಾದ. ಎದುರಿನವನು ಉತ್ತರ ಕೊಡಲು ಸಮರ್ಥನೆಂದು ನಂಬಿ ಪ್ರಶ್ನೆ ಕೇಳುವುದೇ ಆತನಿಗೆ ಸಲ್ಲುವ ದೊಡ್ಡ ಗೌರವ.

ಕಾಲೇಜಿನ ಹಿರಿಯ ವಿದ್ಯಾರ್ಥಿಗಳಲ್ಲಿ ಕೆಲವರು, ಹೊಸಬರನ್ನು ‘ಪರೀಕ್ಷಿಸುತ್ತೇವೆ’ ಎಂಬ ನೆಪದಲ್ಲಿ ನಡೆಸುವ ರ್ಯಾಗಿಂಗ್ ಎಂಬ ಹಿಂಸೆಗೆ ಈ ಪ್ರಶ್ನೆಯ ಹೆಸರು ಸಲ್ಲದು. ಅಲ್ಲಿ ಕೇಳುವವನಿಗೆ ಉತ್ತರ ಬೇಕಾಗಿಲ್ಲ, ಎದುರಿನವನ ಅವಮಾನ ಬೇಕಾಗಿದೆ. ಹುಡುಗನ ಉತ್ತರ ಕರ್ನಾಟಕದ ಮಾತಿನ ಧಾಟಿ, ಕೊರಳಿನ ಕರಡಿಗೆ, ತಂದೆಯ ಒಕ್ಕಲುತನ, ಎಲ್ಲವೂ ಅಲ್ಲಿ ನಗೆಗೆ ಗುರಿ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮ ಇದನ್ನು ನಿಷೇಧಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳ ಮೇರೆಗೆ ವಿದ್ಯಾರ್ಥಿಯೂ ಪಾಲಕರೂ ಪ್ರವೇಶದ ಹೊತ್ತಿಗೆ ಮುಚ್ಚಳಿಕೆ ಬರೆದು ಕೊಡಬೇಕು. ಆ ಕಾಗದಕ್ಕೆ ಓದದೆಯೇ ಸಹಿ ಮಾಡುವ ತಂದೆತಾಯಿಗಳೇ ಹೆಚ್ಚು. ಅದನ್ನು ಮಗನೊಡನೆ ಕುಳಿತು ಓದಿ, ‘ನೀನು ಇದನ್ನು ಸಹಿಸಬೇಕಾಗಿಲ್ಲ, ಮುಂದಿನ ವರ್ಷ ನೀನೂ ಇದನ್ನು ಮಾಡಕೂಡದು’ ಎಂದು ಎರಡು ಮಾತು ಹೇಳುವುದಕ್ಕೆ ಅರ್ಧ ಗಳಿಗೆಯೂ ಬೇಡ.

ಮೂಡುಬಿದಿರೆಯ ವಿಷಯದಲ್ಲಿ ಒಂದು ಹಳೆಯ ಐತಿಹ್ಯ ಇಲ್ಲಿ ನೆನೆಯಲರ್ಹ. ‘ಭರತೇಶ ವೈಭವ’ವನ್ನು ಬರೆದ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಆ ಊರಿನಲ್ಲಿದ್ದ ಜೈನಕವಿ. ತನ್ನ ಕಾವ್ಯಕ್ಕೆ ಆನೆಯ ಮೇಲಿನ ಮೆರವಣಿಗೆಯ ಗೌರವ ಸಲ್ಲಬೇಕೆಂದು ಆತನು ಕೇಳಿದಾಗ ಮಠದವರು ಒಪ್ಪಲಿಲ್ಲವೆಂದೂ, ಮನನೊಂದು ಆತನು ಕೆಲಕಾಲ ವೀರಶೈವನಾಗಿ ಮತ್ತೆ ಹಿಂದಿರುಗಿದನೆಂದೂ ದೇವಚಂದ್ರನ ‘ರಾಜಾವಳಿ ಕಥೆ’ಯನ್ನು ಅನುಸರಿಸಿ ಹೇಳುತ್ತಾರೆ. ಕಥೆಯನ್ನು ಇತಿಹಾಸವೆಂದು ಹಿಡಿಯಲು ಆಧಾರ ಸಾಲದು. ವೀರಶೈವರು ಇದರಿಂದ ಹೆಮ್ಮೆಪಡಬೇಕಾದುದೂ ಇಲ್ಲ. ಆದರೆ ಪ್ರತಿಭೆಯುಳ್ಳ ತರುಣನಿಗೆ ತನ್ನವರಲ್ಲಿ ಮನ್ನಣೆ ದೊರೆಯದಿದ್ದರೆ ಅವನು ಯಾವ ಬಾಗಿಲನ್ನಾದರೂ ತಟ್ಟುವನೆಂಬ ಮಾತು ಎಲ್ಲ ಮನೆಗಳಿಗೂ ಅನ್ವಯಿಸುತ್ತದೆ. ಅದೇ ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಹೊರಗಿನವರ ಕಣ್ಣಿಗೆ ಬೀಳದೆ ಉಳಿದಿದ್ದ ಧವಲಾ ಗ್ರಂಥಗಳ ತಾಡವಾಲೆಗಳು, 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಿಸುವ ಕಾರ್ಯ ಮೊದಲಾಗಿ, 1939ರಿಂದ ಮುದ್ರಣವಾಗಿ ಲೋಕಕ್ಕೆ ದಕ್ಕಿದುವು. ಕಾಪಾಡಿದವರದೂ ಪುಣ್ಯ, ಬೀಗ ತೆರೆದವರದೂ ಪುಣ್ಯ. 1995ರಲ್ಲಿ ಡಾ. ಎಂ. ಮೋಹನ ಆಳ್ವರು ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವನ್ನು ಸ್ಥಾಪಿಸಿದ ಮೇಲೆ ಬಸದಿಗಳ ಊರು ಕಾಲೇಜುಗಳ ಊರೂ ಆಯಿತು.

ಬಂಟ್ವಾಳದ ನಂಟು ಇನ್ನೂ ಸೊಗಸಾದುದು. ನೇತ್ರಾವತಿಯ ದಡದ ಆ ಊರಿನಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಓದಿಗಾಗಿ ಮಂಗಳೂರಿಗೆ ಹೋಗಿ, ಶಿಕ್ಷಕರಾಗಿ, ಶಾಲೆಗಳ ಇನ್ಸ್‌ಪೆಕ್ಟರರಾಗಿ, ಕನ್ನಡ ಮಕ್ಕಳಿಗೆ ಹಾಡು ಕಥೆಗಳನ್ನು ಕೊಟ್ಟರು. ಅವರನ್ನು ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ ಕರೆದು ಕೂರಿಸಿದುದು 1934ರಲ್ಲಿ, ರಾಯಚೂರಿನಲ್ಲಿ. ಅಂದು ರಾಯಚೂರು ಬಂಟ್ವಾಳದ ಮೇಷ್ಟರನ್ನು ಬರಮಾಡಿಕೊಂಡಿತು. ಇಂದು ರಾಯಚೂರಿನ ಮಕ್ಕಳು ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸಿಳಿಯುತ್ತಾರೆ. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಪದವಿಯ ಆಚೆಯ ಓದೂ ಇದೇ ನದಿಯ ಸೀಮೆಗೆ ದೊರೆಯಿತು.

ಇಷ್ಟು ಬರಮಾಡಿಕೊಳ್ಳುವವರ ಮಾತಾಯಿತು. ಕಳುಹಿಸಿಕೊಡುವವರ ಮಾತು ಇದಕ್ಕಿಂತ ಕಠಿನ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಹಣದಾಸೆಗೆ ಹೇಳುವುದು ವಾಡಿಕೆ. ಮಕ್ಕಳ ವಿಷಯದ ಆಸೆಗೂ ಅದು ಹೊಂದುತ್ತದೆ. ಹೊಲ ಅಡವಿಟ್ಟು ಶುಲ್ಕ ಕಟ್ಟಿದ ತಂದೆಯು, ಮಗನು ವೈದ್ಯನೇ ಆಗಬೇಕೆಂದು ನಿಶ್ಚಯಿಸಿಬಿಡುತ್ತಾನೆ. ಮಗನ ಶಕ್ತಿ, ಅಭಿರುಚಿ ಯಾವುದನ್ನೂ ಕೇಳುವುದಿಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಹಠಾತ್ತಾಗಿ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಕೇಳಬೇಕು. ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದವನು ಮೊದಲನೆಯ ಕಿರುಪರೀಕ್ಷೆಯಲ್ಲಿಯೇ ನೂರಕ್ಕೆ ಇಪ್ಪತ್ತು ತೆಗೆಯುವುದು ಅಪರೂಪವಲ್ಲ. ಆ ಅಂಕವನ್ನು ಅವನು ಮನೆಗೆ ಹೇಳುವುದಿಲ್ಲ. ಅಡವಾದ ಹೊಲ ಅವನ ಕಣ್ಣ ಮುಂದೆ ಇರುತ್ತದೆ. ಮಳೆಯ ರಾತ್ರಿಯಲ್ಲಿ ಒಬ್ಬನೇ ಕುಳಿತು, ತಾನು ಮನೆಗೆ ಭಾರವಾದೆನೆಂದು ಎಣಿಸತೊಡಗುತ್ತಾನೆ. ಆ ಎಣಿಕೆ ಎಲ್ಲಿಗೆ ಒಯ್ಯಬಲ್ಲುದೆಂಬುದನ್ನು ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಿಯ ಹೆಚ್ಚಳವನ್ನು ಕಂಡು ‘ಇಷ್ಟೇಕೆ?’ ಎಂದು ಕೇಳುವ ಲಕ್ಕಮ್ಮ ಅಂತಹ ಮನೆಗೆ ಬೇಕು; ಅನೇಕ ಮನೆಗಳಲ್ಲಿ ಅವಳು ಇದ್ದಾಳೆ, ಆಕೆಯ ಮಾತನ್ನು ಕೇಳುವವರಿಲ್ಲ.

ಆದಕಾರಣ ದೂರವಾಣಿಯಲ್ಲಿ ‘ಎಷ್ಟು ಅಂಕ ಬಂತು?’ ಎಂಬ ಪ್ರಶ್ನೆಯನ್ನು ಮೊದಲ ಮೂರು ತಿಂಗಳು ಹಿಂದಕ್ಕಿಟ್ಟು, ಉಂಡೆಯಾ, ನಿದ್ದೆ ಬಂತೆ, ಜೊತೆಗಾರರು ಯಾರು, ಯಾವ ಪಾಠ ತಿಳಿಯಲಿಲ್ಲ ಎಂದು ಕೇಳತಕ್ಕದ್ದು. ತಿಳಿಯಲಿಲ್ಲವೆಂದು ಹೇಳುವ ಧೈರ್ಯ ಮಗುವಿಗೆ ಬಂದರೆ ಅರ್ಧ ವಿದ್ಯೆ ಬಂದಂತೆ. ದೀಕ್ಷೆಯಾದ ಮಗುವಿಗೆ ಹತ್ತು ನಿಮಿಷದ ಲಿಂಗಪೂಜೆಯನ್ನು ಗದ್ದಲದ ಕೋಣೆಯಲ್ಲಿಯೂ ಸಂಕೋಚವಿಲ್ಲದೆ ಮಾಡುವುದನ್ನು ಹೊರಡುವ ಮೊದಲೇ ಅಭ್ಯಾಸ ಮಾಡಿಸಬೇಕು. ಇಷ್ಟಲಿಂಗಕ್ಕೆ ಗುಡಿ ಬೇಡವೆಂಬುದರ ಪ್ರಯೋಜನ ವಿದ್ಯಾರ್ಥಿ ನಿಲಯದಲ್ಲಿ ಚೆನ್ನಾಗಿ ತಿಳಿಯುತ್ತದೆ. ಒಂದು ವೇಳೆ ಮಗು ಓದು ಸಾಗದೆ ಹಿಂದಿರುಗಿದರೆ, ಕಳುಹಿಸಿದ ದಿನದ ಆರತಿಯೇ ಬಂದ ದಿನವೂ ಇರಬೇಕು. ಸ್ವಾಗತವೆಂಬುದು ಕಾಲೇಜಿನ ಬಾಗಿಲಲ್ಲಿ ಮಾತ್ರ ನಡೆಯುವುದಲ್ಲ.

ಕರಾವಳಿಯಲ್ಲಿ ಲಿಂಗಾಯತ ಮನೆಗಳು ವಿರಳ. ಕೆಳದಿಯ ಅರಸರ ಕಾಲದಲ್ಲಿ ಆ ನಾಡಿನಲ್ಲಿ ವೀರಶೈವ ಮಠಗಳು ಬೆಳೆದಿದ್ದುವು. 1763ರಲ್ಲಿ ಹೈದರನು ಬಿದನೂರನ್ನು ಹಿಡಿದ ಮೇಲೆ ಆ ಆಶ್ರಯ ಇಲ್ಲವಾಯಿತು. ಈಗ ಅಲ್ಲಿರುವವರಲ್ಲಿ ಬಹುಮಂದಿ ಉದ್ಯೋಗದ ನಿಮಿತ್ತ ಬಂದವರು: ಶಿಕ್ಷಕರು, ಪೊಲೀಸರು, ಬ್ಯಾಂಕಿನವರು, ಸಾರಿಗೆ ಸಂಸ್ಥೆಯ ಚಾಲಕ ನಿರ್ವಾಹಕರು. ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿರುವ ಇಂತಹ ಕುಟುಂಬವೊಂದು, ಜುಲೈ ಆಗಸ್ಟ್ ತಿಂಗಳುಗಳ ಭಾನುವಾರಗಳಲ್ಲಿ, ನಿಲಯದ ಮೇಲ್ವಿಚಾರಕರ ಅಪ್ಪಣೆ ಪಡೆದು, ಹೊಸದಾಗಿ ಬಂದ ಇಬ್ಬರು ಮಕ್ಕಳನ್ನು ಮಧ್ಯಾಹ್ನದ ಊಟಕ್ಕೆ ಕರೆಯಬಹುದು. ಬಂದವನು ಯಾರ ಮಗ, ಯಾವ ಒಳಪಂಗಡ ಎಂದು ವಿಚಾರಿಸುವ ಚಾಪಲ್ಯವನ್ನು ಬಿಟ್ಟು, ಮನೆಯ ಮಗನೆಂದೇ ಎಣಿಸಬೇಕೆಂಬುದು ಬಸವಣ್ಣನವರ ಬಯಕೆ. ಲಿಂಗವಂತನಲ್ಲದ ಗೆಳೆಯನೂ ಜೊತೆಯಲ್ಲಿ ಬಂದರೆ ಒಂದು ತಟ್ಟೆ ಹೆಚ್ಚಾದೀತು, ಅಷ್ಟೇ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ; ಉಂಡ ಬಳಿಕ ಒಂದು ಗಂಟೆ ತಮ್ಮೂರಿನ ಮಾತು. ಸಂಜೆ ನಿಲಯದ ಬಾಗಿಲು ಮುಚ್ಚುವುದರೊಳಗೆ ಹುಡುಗರನ್ನು ಬಸ್ಸಿಗೆ ಹತ್ತಿಸುವಾಗ, ಕೋಣೆಯ ಉಳಿದ ಜೊತೆಗಾರರಿಗೆಂದು ನಾಲ್ಕು ಕಟಿ ರೊಟ್ಟಿಗಳನ್ನು ಕಟ್ಟಿಕೊಡುವುದನ್ನು ಮರೆಯಬಾರದು. ಕುಚ್ಚಲಕ್ಕಿಯ ನಾಡಿನ ಹುಡುಗರಿಗೆ ಅದು ಬಲು ರುಚಿಸುತ್ತದೆ.