ಕಡಲಾಚೆಯ ಹಣ, ದುದ್ದದ ಲೆಕ್ಕ

ವಿದೇಶದಿಂದ ದೇಣಿಗೆ ತರಲು ಟ್ರಸ್ಟ್ ಮಾಡಬೇಕು ಎಂದು ಸಲಹೆ ಕೇಳಿ ಬರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಆಮೇಲೆ ನೋಡೋಣ, ಕೊಡುವವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಮೊದಲು ಕೇಳಿಕೊಂಡು ಬನ್ನಿ.

ಮಂಡ್ಯ ಜಿಲ್ಲೆಯ ದುದ್ದದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನಾವು ಕೆಲವರು ಸೇರಿ ಒಂದು ಟ್ರಸ್ಟ್ ಕಟ್ಟಿದೆವು. ಎಸ್‌ಎಸ್‌ಎಲ್‌ಸಿ ಮುಗಿಸಿದ ಹೆಣ್ಣುಮಕ್ಕಳು ಓದು ಬಿಡಬಾರದು ಎಂಬುದೇ ಇದರ ಹುಟ್ಟಿಗೆ ಕಾರಣ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರುಗಳಲ್ಲಿ ಕಬ್ಬಿನ ಬಿಲ್ಲಿನಿಂದಲಾದರೂ ಫೀಸು ಕಟ್ಟುತ್ತಾರೆ. ಮಳೆ ನಂಬಿ ರಾಗಿ ಬೆಳೆಯುವ ಮನೆಗಳಲ್ಲಿ ಮೊದಲು ನಿಲ್ಲುವುದು ಮಗಳ ಕಾಲೇಜು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಮಂಡ್ಯಕ್ಕೆ ಹೋಗಿಬರುವ ಬಸ್ ಖರ್ಚು ಉಳಿಯಿತು. ಆದರೆ ಪುಸ್ತಕ, ಹಾಸ್ಟೆಲ್, ನರ್ಸಿಂಗ್ ಅಥವಾ ಡಿಪ್ಲೊಮಾ ಫೀಸು ಹಾಗೇ ಉಳಿದವು. ನಮ್ಮ ಹಳೆಯ ವಿದ್ಯಾರ್ಥಿಗಳು ಬೆಂಗಳೂರಿನಿಂದ ಹಿಡಿದು ದುಬೈ, ಲಂಡನ್, ನ್ಯೂಜೆರ್ಸಿಯವರೆಗೆ ಇದ್ದಾರೆ. ಕೊಡುತ್ತೇವೆ ಎಂದವರಿಗೆ ಕೊರತೆಯೇ ಇರಲಿಲ್ಲ.

"ಮೇಷ್ಟ್ರೇ, ನಮ್ಮೂರಿಗೆ ನಮ್ಮ ದುಡ್ಡು ಕೊಡೋಕೆ ಡೆಲ್ಲಿಯವರ ಪರ್ಮಿಷನ್ ಯಾಕೆ ಬೇಕು?" ಎಂದು ಅವರಲ್ಲೊಬ್ಬ ಫೋನಿನಲ್ಲಿ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಹೊರದೇಶದ ಹಣ ಇಲ್ಲಿನ ರಾಜಕೀಯವನ್ನು ಆಡಿಸಬಾರದು ಎಂದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಬಂತು. 2010ರಲ್ಲಿ ಅದನ್ನು ಹೊಸದಾಗಿ ಬರೆದರು, 2020ರಲ್ಲಿ ಇನ್ನಷ್ಟು ಬಿಗಿ ಮಾಡಿದರು. ಎಲ್ಲರೂ ಎಫ್‌ಸಿಆರ್‌ಎ ಎನ್ನುವುದು ಇದನ್ನೇ. ಈ ಕಾಯ್ದೆಯ ಕಣ್ಣಿಗೆ ಊರಿನ ಮಗ, ಹೊರಗಿನವನು ಎಂಬ ಭೇದವಿಲ್ಲ. ಅದು ಕೇಳುವುದು ಪೌರತ್ವವನ್ನು.

ಇದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ದುಬೈಯಲ್ಲಿ ಲಾರಿ ಓಡಿಸುವ ನಮ್ಮ ಹುಡುಗ ಭಾರತದ ಪೌರ. ತನ್ನ ದುಡಿಮೆಯ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಅಲ್ಲ. ಅಮೆರಿಕದಲ್ಲಿ ಎಚ್‌-1ಬಿ ವೀಸಾದಲ್ಲಿರುವವನದೂ ಅಲ್ಲ, ಗ್ರೀನ್ ಕಾರ್ಡ್ ಪಡೆದವನದೂ ಅಲ್ಲ, ಏಕೆಂದರೆ ಅವರ ಕೈಯಲ್ಲಿರುವುದು ಇನ್ನೂ ನಮ್ಮ ದೇಶದ ಪಾಸ್‌ಪೋರ್ಟ್. ಅವನು ಅಮೆರಿಕದ ಪೌರತ್ವ ಸ್ವೀಕರಿಸಿದ ದಿನದಿಂದ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅವನ ಹಣ ವಿದೇಶಿ ಹಣವಾಗುತ್ತದೆ. ಊರ ಹಬ್ಬಕ್ಕೆ ಬಂದು ಜೇಬಿನಿಂದ ರೂಪಾಯಿ ನೋಟನ್ನೇ ತೆಗೆದುಕೊಟ್ಟರೂ ಅಷ್ಟೇ. ಇದನ್ನು ನಮ್ಮ ಟ್ರಸ್ಟಿಗಳಿಗೆ ಮನವರಿಕೆ ಮಾಡಲು ನನಗೆ ಬಹಳ ಹೊತ್ತು ಹಿಡಿಯಿತು. ಇನ್ನೊಂದು ಸೂಕ್ಷ್ಮವಿದೆ. ಉದ್ಯೋಗಿ ಕೊಟ್ಟಷ್ಟೇ ಹಣವನ್ನು ತಾನೂ ಸೇರಿಸುವ ಕಂಪನಿಗಳು ಅಮೆರಿಕದಲ್ಲಿ ಸಾಕಷ್ಟಿವೆ. ಉದ್ಯೋಗಿ ಭಾರತೀಯನೇ ಆದರೂ ಆ ಕಂಪನಿಯ ಪಾಲು ವಿದೇಶಿಯದು.

ಈಗ ನಾವು ದಾನಿಗಳಿಂದ ಪ್ರತಿ ವರ್ಷ ಪಾಸ್‌ಪೋರ್ಟಿನ ಪ್ರತಿ ಪಡೆಯುತ್ತೇವೆ. ಕೆಲವರಿಗೆ ಮುಜುಗರವಾಗುತ್ತದೆ, ವಿವರಿಸಿದರೆ ಒಪ್ಪುತ್ತಾರೆ. "ನನ್ನ ತಮ್ಮನ ಖಾತೆಗೆ ಹಾಕ್ತೀನಿ ಸಾರ್, ಅವನು ಟ್ರಸ್ಟಿಗೆ ಕೊಡಲಿ" ಎಂದವರೂ ಇದ್ದಾರೆ. ಬೇಡ ಎಂದೆ. ಸಂಬಂಧಿಕರಿಗೆ ಕಳಿಸುವ ಹಣಕ್ಕೆ ಕಾಯ್ದೆ ಕೊಟ್ಟಿರುವ ವಿನಾಯಿತಿ ಸಂಸಾರದ ಅಗತ್ಯಕ್ಕೆ. ಆ ದಾರಿಯಲ್ಲಿ ಟ್ರಸ್ಟಿಗೆ ಹಣ ಸುತ್ತಿಸಿದರೆ ಮಕ್ಕಳ ಹೆಸರಿನಲ್ಲಿ ಕಾನೂನು ಮುರಿದಂತಾಗುತ್ತದೆ.

ವಿದೇಶಿ ವಂತಿಗೆಗೆ ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಉದ್ದೇಶಕ್ಕಾಗಿಯೇ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಅಂದರೆ ಹೊರಗಿನ ಹಣ ಕೇಳುವ ಮುಂಚೆ ಊರಿನ ಹಣದಲ್ಲಿ ಕೆಲಸ ಮಾಡಿ ತೋರಿಸಬೇಕು. ಹಳ್ಳಿಯ ಟ್ರಸ್ಟಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಈ ನಿಯಮ ನಮಗೆ ಒಳ್ಳೆಯದನ್ನೇ ಮಾಡಿತು. ಆಲೆಮನೆಯವರು, ನಿವೃತ್ತ ನೌಕರರು, ಬೆಂಗಳೂರಿನಲ್ಲಿ ದುಡಿಯುವ ಹುಡುಗರು ಕೊಟ್ಟರು. ಐನೂರು ರೂಪಾಯಿ ಕೊಟ್ಟವರು ಡೇರಿ ಮುಂದೆ ಸಿಕ್ಕಾಗ "ಆ ಮಗು ಪರೀಕ್ಷೆ ಬರೀತಾ ಮೇಷ್ಟ್ರೇ?" ಎಂದು ಕೇಳುತ್ತಾರೆ. ಯಾವ ಲೆಕ್ಕಪರಿಶೋಧಕರೂ ಅಷ್ಟು ನೇರವಾಗಿ ಕೇಳುವುದಿಲ್ಲ. ಅವರಿಗಾಗಿ ಜಮಾಖರ್ಚನ್ನು ಶಾಲೆಯ ಗೋಡೆಗೆ ಅಂಟಿಸಲು ಶುರುಮಾಡಿದೆವು. ಮುಂದೆ ಅರ್ಜಿಗೆ ಬೇಕಾದ ದಾಖಲೆಗಳೆಲ್ಲ ಆ ಶಿಸ್ತಿನಿಂದಲೇ ಸಿದ್ಧವಾದವು.

ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ನೋಡಿ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಕಟ್ಟಿದ ಸಂಸ್ಥೆ ಅದು. ಹೆಗ್ಗಡದೇವನಕೋಟೆಯ ಕಾಡಂಚಿನ ಜನರ ನಡುವೆ ಅವರು ನಿಂತು ಮಾಡಿದ ಕೆಲಸವೇ ದೂರದವರ ನಂಬಿಕೆಯನ್ನು ಗಳಿಸಿತು.

ನೋಂದಣಿಗೆ ಮೂರು ವರ್ಷ ಕಾಯಲಾಗದವರಿಗೆ ಪೂರ್ವಾನುಮತಿ ಎಂಬ ದಾರಿಯಿದೆ. ಇಂಥ ದಾನಿ, ಇಷ್ಟು ಮೊತ್ತ, ಇಂಥ ಕೆಲಸ ಎಂದು ದಾನಿಯ ಪತ್ರದೊಂದಿಗೆ ಗೃಹ ಸಚಿವಾಲಯಕ್ಕೆ ಅರ್ಜಿ ಹಾಕಬೇಕು. ಅನುಮತಿ ಆ ಹಣಕ್ಕೆ ಮಾತ್ರ. ಎರಡೂ ದಾರಿಯಲ್ಲಿ ಹಣ ಮೊದಲು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಇದಕ್ಕಾಗಿ ದೆಹಲಿಗೆ ಹೋಗಬೇಕಿಲ್ಲ, ಹತ್ತಿರದ ಶಾಖೆಯವರೇ ಕಾಗದಪತ್ರ ಕಳಿಸಿಕೊಡುತ್ತಾರೆ. ಆ ಖಾತೆಗೆ ಊರಿನ ಒಂದು ರೂಪಾಯಿಯೂ ಸೇರಬಾರದು. ಬಂದ ಹಣದಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಪ್ರತಿ ಡಿಸೆಂಬರ್ 31ರೊಳಗೆ ವಾರ್ಷಿಕ ಲೆಕ್ಕ ಸಲ್ಲಿಸಬೇಕು, ಹಣ ಬರದ ವರ್ಷವೂ. ನೋಂದಣಿಯ ಆಯುಸ್ಸು ಐದು ವರ್ಷ. 2022ರ ಮೊದಲ ದಿನ ದೇಶದಲ್ಲಿ ಸುಮಾರು 6,000 ಸಂಸ್ಥೆಗಳ ನೋಂದಣಿ ಕೊನೆಗೊಂಡಿತು. ಅವುಗಳಲ್ಲಿ ಬಹುಪಾಲು ನವೀಕರಣಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ.

2020ರ ತಿದ್ದುಪಡಿಯ ಒಂದು ಅಂಶವನ್ನು ನಾನು ಒಪ್ಪಲಾರೆ. ಅದಕ್ಕೂ ಮೊದಲು ನಗರದ ದೊಡ್ಡ ಸಂಸ್ಥೆಯೊಂದು ವಿದೇಶಿ ನೆರವು ಪಡೆದು, ನೋಂದಣಿಯಿರುವ ಹಳ್ಳಿಯ ಸಣ್ಣ ಸಂಸ್ಥೆಗೆ ಅದರಲ್ಲೊಂದು ಭಾಗ ಕೊಡಬಹುದಿತ್ತು. ಈಗ ಆ ವರ್ಗಾವಣೆ ಪೂರ್ತಿ ನಿಷಿದ್ಧ. ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆಯಲು, ದಾನಿಗಳನ್ನು ಹುಡುಕಲು ಸಿಬ್ಬಂದಿಯಿಲ್ಲದ ಟ್ರಸ್ಟುಗಳಿಗೆ ಇದ್ದ ಆಸರೆ ಅದೊಂದೇ. ಅದನ್ನು ಮತ್ತೆ ತೆರೆಯಬೇಕು.

ಕೊಡುವವರ ಕಡೆಯ ತೊಡಕೂ ಒಂದಿದೆ. ಇಲ್ಲಿ ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ ನಮ್ಮ 80ಜಿ ರಸೀದಿಗೆ ಅಮೆರಿಕದಲ್ಲಿ ಬೆಲೆಯಿಲ್ಲ. ಅಲ್ಲಿ ತೆರಿಗೆ ವಿನಾಯಿತಿ ಸಿಗಬೇಕಾದರೆ ಅಲ್ಲಿಯದೇ 501(ಸಿ)(3) ದತ್ತಿ ಸಂಸ್ಥೆಗೆ ಕೊಡಬೇಕು, ಹಣ ಯಾರಿಗೆ ಹೋಗಬೇಕೆಂದು ಆ ಸಂಸ್ಥೆಯ ಮಂಡಳಿಯೇ ತೀರ್ಮಾನಿಸಬೇಕು. ನಮ್ಮ ಹುಡುಗರು ಹೊಸದೊಂದನ್ನು ಕಟ್ಟಲು ಹೊರಟಿದ್ದರು. 1991ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಆಶಾ ಫಾರ್ ಎಜುಕೇಶನ್‌ನಂಥ ಸ್ವಯಂಸೇವಕರ ಸಂಸ್ಥೆಗಳು ಇರುವಾಗ ಅವುಗಳ ಬಳಿಗೇ ಹೋಗುವುದು ಮೇಲು ಎಂದು ನಾನು ಹೇಳಿದೆ. ಈಗಲೂ ನನ್ನ ಅಭಿಪ್ರಾಯ ಅದೇ.

ಹೊರದೇಶದಲ್ಲಿರುವ ನಮ್ಮ ಮಂಡ್ಯ ಸೀಮೆಯವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಪೌರತ್ವ ಬದಲಾದ ಕೂಡಲೇ ನೀವು ನೆರವಾಗುತ್ತಿರುವ ಊರಿನ ಟ್ರಸ್ಟಿಗೆ ಒಂದು ಸಾಲಿನ ಪತ್ರ ಬರೆಯಿರಿ, ಅನುಮತಿ ಸಿಗುವವರೆಗೆ ಹಣ ತಡೆದಿಡಿ. ಅಷ್ಟು ದಿನ ನಿಮ್ಮ ಹೊತ್ತನ್ನು ಕೊಡಿ. ಭಾನುವಾರ ಒಂದು ಗಂಟೆ ಫೋನಿನಲ್ಲಿ ನಮ್ಮ ಮಕ್ಕಳಿಗೆ ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಲು ಯಾವ ನೋಂದಣಿಯೂ ಬೇಕಿಲ್ಲ.