ಪರ್ರೆಂದು ಹರಿಯಬೇಕು: ಕ್ಲಾತ್ ಸಿಮ್ಯುಲೇಶನ್‌ನಲ್ಲಿ ಗೆಲ್ಲಲು 9 ಸೂತ್ರಗಳು

ಶೋರೀಲ್‌ನಲ್ಲಿ ಬಾವುಟ ಹಾರಿಸುವವರು ಬೇಕಾದಷ್ಟು ಜನ ಇದ್ದಾರೆ. ಅದೇ ಬಾವುಟ ಗಾಳಿಗೆ ಹರಿದು, ಒಂದು ಚಿಂದಿ ಮಾತ್ರ ಕಂಬಕ್ಕೆ ನೇತಾಡುವಂತೆ ಮಾಡಬಲ್ಲವರು ಕಡಿಮೆ. ಗೋಡೆಯ ಪೋಸ್ಟರ್ ಮೂಲೆಯಿಂದ ಎದ್ದು ಸುರುಳಿ ಸುತ್ತಿಕೊಂಡು ಕಿತ್ತು ಬರುವಂತೆ ಮಾಡಬಲ್ಲವರು ಇನ್ನೂ ಕಡಿಮೆ. ಆ ಕೆಲವರಲ್ಲಿ ನೀವೊಬ್ಬರಾಗಿ. "ನನಗೆ ಮ್ಯಾಥ್ಸ್ ಬರಲ್ಲ, ಫಿಸಿಕ್ಸ್ ತಲೆಗೆ ಹೋಗಲ್ಲ" ಅನ್ನುವ ರಾಗವನ್ನು ಇವತ್ತೇ ನಿಲ್ಲಿಸಿ. ಅದು ಬರೀ ಅಭ್ಯಾಸ, ಬಿಟ್ಟರೆ ಬಿಡುತ್ತದೆ.

1. ಮೊದಲು ಕೈಯಲ್ಲಿ ಹರಿದು ನೋಡಿ

ಮನೆಯ ಹಳೇ ಪಂಚೆ ತೆಗೆದುಕೊಳ್ಳಿ. ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಸುಲಭಕ್ಕೆ ಹರಿಯುವುದಿಲ್ಲ. ಈಗ ಅಂಚಿಗೆ ಕತ್ತರಿಯಿಂದ ಒಂದೇ ಒಂದು ಕಚ್ಚು ಹಾಕಿ, ಮತ್ತೆ ಎಳೆಯಿರಿ. ನೂಲಿನ ಗೆರೆ ಹಿಡಿದು ನೆಟ್ಟಗೆ ಹರಿದು ಹೋಗುತ್ತದೆ. ಬಟ್ಟೆ ಅಂಗಡಿಯವರು ಮೀಟರ್ ಅಳೆದು ಕೊಡುವುದು ಹೀಗೇ ಅಲ್ಲವೇ? ಎಳೆತವೆಲ್ಲ ಕಚ್ಚಿನ ತುದಿಯ ಒಂದೆರಡು ಎಳೆಗಳ ಮೇಲೆ ಬೀಳುತ್ತದೆ. ಅವು ತುಂಡಾದವೋ, ಪಕ್ಕದವುಗಳ ಸರದಿ. ಆಮೇಲೆ ಹಾಸಿಗೂ ಹೊಕ್ಕಿಗೂ ಓರೆಯಾಗಿ ಎಳೆಯಿರಿ: ಬಟ್ಟೆ ಮೊದಲು ಉದ್ದಕ್ಕೆ ಜಗ್ಗುತ್ತದೆ, ಸೊಟ್ಟಗಾಗುತ್ತದೆ, ಹರಿಯಲು ಸತಾಯಿಸುತ್ತದೆ. ಎರಡನ್ನೂ ಫೋನಿನ ಸ್ಲೋ ಮೋಶನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು ಶೂಟ್ ಮಾಡಿ. ರೆಫರೆನ್ಸ್ ಇಲ್ಲದವರು ರಾತ್ರಿಯೆಲ್ಲ ಸ್ಲೈಡರ್ ಎಳೆಯುತ್ತಾ ಕೂರುತ್ತಾರೆ. (ಪಂಚೆ ಯಾರದೆಂದು ಕೇಳಿಕೊಂಡು ತೆಗೆಯಿರಿ. ನಾನು ಕೇಳಿರಲಿಲ್ಲ.)

2. ಮೊದಲೇ ಚೂರು ಮಾಡಿ, ಆಮೇಲೆ ಅಂಟಿಸಿ

ಇಡೀ ಕೆಲಸದ ಗುಟ್ಟು ಇಲ್ಲಿದೆ. ಹರಿಯಲಿಕ್ಕಿರುವ ಬಟ್ಟೆ ಸಾಮಾನ್ಯವಾಗಿ ಶಾಟ್ ಶುರುವಾಗುವ ಮೊದಲೇ ಚೂರುಚೂರಾಗಿರುತ್ತದೆ. ಮಾಯಾದ ಎನ್‌ಕ್ಲಾತ್‌ನಲ್ಲಿ ಟೇರಬಲ್ ಸರ್ಫೇಸ್ ಕೊಟ್ಟರೆ ಆಗುವುದು ಇಷ್ಟೇ: ಅಕ್ಕಪಕ್ಕದ ಫೇಸ್‌ಗಳು ಹಂಚಿಕೊಂಡಿದ್ದ ವರ್ಟೆಕ್ಸ್‌ಗಳು ಬೇರೆ ಬೇರೆಯಾಗುತ್ತವೆ, ಕನ್‌ಸ್ಟ್ರೇಂಟ್ ಅವನ್ನು ಮತ್ತೆ ಹಿಡಿದಿಡುತ್ತದೆ. ಹೂಡಿನಿಯ ವೆಲ್ಲಮ್‌ನಲ್ಲಿ ಆ ಬೆಸುಗೆಯ ಹೆಸರೇ ವೆಲ್ಡ್. ಎಳೆತ ಮಿತಿ ದಾಟಿದ ಕಡೆ ಬೆಸುಗೆ ಬಿಡುತ್ತದೆ, ನೋಡುವವರ ಕಣ್ಣಿಗೆ ಬಟ್ಟೆ ಹರಿಯುತ್ತದೆ.

ಹಾಗಾಗಿ "ಎಲ್ಲಿ ಹರಿಯಬೇಕು" ಅನ್ನುವ ಪ್ರಶ್ನೆಯನ್ನು ತಿರುವಿಹಾಕಿ. ಎಲ್ಲಿ ಎಷ್ಟು ಗಟ್ಟಿಯಾಗಿ ಅಂಟಿರಬೇಕು ಎಂದು ಕೇಳಿಕೊಳ್ಳಿ. ಇಡೀ ಬಟ್ಟೆಗೆ ಒಂದೇ ಗ್ಲೂ ಸ್ಟ್ರೆಂತ್ ಕೊಡಬೇಡಿ. ಕೊಟ್ಟರೆ ಹತ್ತು ಕಡೆ ಒಟ್ಟಿಗೆ ಬಿಟ್ಟುಕೊಂಡು ಬಟ್ಟೆ ಅಕ್ಷತೆಯಂತೆ ಉದುರುತ್ತದೆ. ಹೊಲಿಗೆಯ ಹತ್ತಿರ ಗಟ್ಟಿ, ಕಚ್ಚಿನ ಹತ್ತಿರ ಸಡಿಲ, ನಡುವೆ ಚೂರು ನಾಯ್ಸ್ ಇರುವಂತೆ ಮ್ಯಾಪ್ ಪೇಂಟ್ ಮಾಡಿ. ನಿರ್ದೇಶಕರು "ಹೆಗಲಿನಿಂದ ಹರಿಯಲಿ" ಅಂದ ದಿನ ಬ್ರಶ್ ಎತ್ತಿದರೆ ಮುಗಿಯಿತು.

3. ಮೂರು ಪೇಪರ್ ಓದಿ

ಡೆಮೆಟ್ರಿ ಟೆರ್ಜೊಪೌಲಸ್ ಮತ್ತು ಕರ್ಟ್ ಫ್ಲೈಶರ್ 1988ರಲ್ಲೇ ಸಿಗ್ರಾಫ್ ಸಮ್ಮೇಳನದಲ್ಲಿ ಹರಿಯುವ ಹಾಳೆಯನ್ನು ಸಿಮ್ಯುಲೇಟ್ ಮಾಡಿ ತೋರಿಸಿದ್ದರು. 1998ರಲ್ಲಿ ಡೇವಿಡ್ ಬರಾಫ್ ಮತ್ತು ಆಂಡ್ರ್ಯೂ ವಿಟ್ಕಿನ್ ದೊಡ್ಡ ಟೈಮ್ ಸ್ಟೆಪ್ ಇಟ್ಟರೂ ಬಟ್ಟೆ ಸಿಡಿಯದ ದಾರಿ ಹೇಳಿದರು. 2014ರಲ್ಲಿ ಟೋಬಿಯಾಸ್ ಫಾಫ್, ರಾಹುಲ್ ನಾರೈನ್, ಜೇಮ್ಸ್ ಓಬ್ರಿಯನ್ ಮತ್ತವರ ಸಂಗಡಿಗರು ಸೀಳು ಹುಟ್ಟುವ, ಮುಂದುವರಿಯುವ ಕಡೆ ಮೆಶ್ಶನ್ನು ಆಗಿಂದಾಗ ಸಣ್ಣ ಮಾಡುತ್ತಾ ಹೋದರು. ಸಮೀಕರಣ ಕಂಡು ಹೆದರಬೇಡಿ. ಮೊದಲ ಓದಿನಲ್ಲಿ ಬರೀ ಚಿತ್ರ ನೋಡಿ. ನಿಮ್ಮ ಮೆನುವಿನಲ್ಲಿರುವ ಎಷ್ಟೋ ಬಟನ್‌ಗಳು ಹುಟ್ಟಿದ್ದು ಇಂಥ ಪೇಪರ್‌ಗಳಲ್ಲೇ.

4. ಸ್ಕೇಲ್ ನೋಡಿ

ಮಾಯಾದ ನ್ಯೂಕ್ಲಿಯಸ್ ಸಾಲ್ವರ್ ಒಂದು ಯೂನಿಟ್ಟನ್ನು ಒಂದು ಮೀಟರ್ ಎಂದು ಓದುತ್ತದೆ. ನೀವು ಸೆಂಟಿಮೀಟರ್‌ನಲ್ಲಿ ಮಾಡೆಲ್ ಮಾಡಿದ್ದರೆ ಸ್ಪೇಸ್ ಸ್ಕೇಲ್ 0.01 ಇಡಿ. ಮರೆತರೆ 170 ಸೆಂಟಿಮೀಟರ್ ಹುಡುಗ 170 ಮೀಟರ್ ಗೋಪುರವಾಗುತ್ತಾನೆ, ಅವನ ಅಂಗಿ ಸರ್ಕಸ್ ಡೇರೆಯಂತೆ ನಿಧಾನಕ್ಕೆ ಬೀಳುತ್ತದೆ. ನನ್ನ ಮೊದಲ ಶಾಟ್ ಮೂರು ಸಲ ವಾಪಸ್ ಬಂದದ್ದು ಇದೊಂದೇ ತಪ್ಪಿಗೆ. ಮೂರು ಸಲವೂ ನಾನು ಗಾಳಿಯನ್ನು ಬೈದಿದ್ದೆ.

5. ಮೆಶ್ ನೇಯಿರಿ

ಸೀಳು ಎಡ್ಜ್ ಹಿಡಿದೇ ಓಡುತ್ತದೆ. ದಪ್ಪ ಚೌಕಗಳ ಮೆಶ್ ಕೊಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಹರಿಯುತ್ತದೆ. ಅಡ್ಡಾದಿಡ್ಡಿ ಹರಿಯಬೇಕಾದ ಕಡೆ ಅಸಮ ತ್ರಿಕೋನಗಳ ಮೆಶ್ ಇಡಿ. ಕಾಟನ್ ನೆಟ್ಟಗೆ ಹರಿಯಬೇಕೇ? ಚೌಕಗಳನ್ನೇ ಇಟ್ಟುಕೊಂಡು ಹಾಸು-ಹೊಕ್ಕಿನ ದಿಕ್ಕಿಗೆ ತಿರುಗಿಸಿ. ಕ್ಯಾಮೆರಾ ಹತ್ತಿರವಿದ್ದರೆ ಸೀಳಿನ ದಾರಿಯನ್ನು ನೀವೇ ಗೀಚಿ, ಆ ಪಟ್ಟಿಯಲ್ಲಿ ಮಾತ್ರ ಮೆಶ್ ಸಣ್ಣ ಮಾಡಿ. ಬೆನ್ನ ಹಿಂದಿನ ಬಟ್ಟೆಗೆ ಲಕ್ಷ ಪಾಲಿಗಾನ್ ಸುರಿಯುವುದು ಜಾಣತನವಲ್ಲ.

6. ಸಬ್‌ಸ್ಟೆಪ್ ಲಾಕ್ ಮಾಡಿ, ಆಮೇಲೆ ಟ್ಯೂನ್ ಮಾಡಿ

ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಅರ್ಧ ಸೆಕೆಂಡಿನಲ್ಲಿ ಒಂದು ಮೀಟರ್ ಓಡುವ ಸೀಳು ಫ್ರೇಮಿಗೆ 8 ಸೆಂಟಿಮೀಟರ್‌ಗೂ ಹೆಚ್ಚು ಹಾರುತ್ತದೆ. ಒಂದು ಫ್ರೇಮನ್ನು ಹತ್ತು ಸಬ್‌ಸ್ಟೆಪ್‌ಗಳಾಗಿ ಒಡೆದರೆ ಸಾಲ್ವರ್ ಪ್ರತಿ 4 ಮಿಲಿಸೆಕೆಂಡಿಗೊಮ್ಮೆ ಬೆಸುಗೆಗಳನ್ನು ನೋಡುತ್ತದೆ. ಹಳೆಯ ಪೊಸಿಶನ್ ಬೇಸ್ಡ್ ಡೈನಾಮಿಕ್ಸ್‌ನಲ್ಲಿ ಇಟರೇಶನ್ ಏರಿಸಿದರೆ ಬಟ್ಟೆಯೇ ಬಿರುಸಾಗುತ್ತಿತ್ತು. ಅದರ ಸುಧಾರಿತ ರೂಪವಾದ 2016ರ ಎಕ್ಸ್‌ಪಿಬಿಡಿ ಆ ಕಾಟವನ್ನು ಬಹುಪಾಲು ಕಳೆಯಿತು, ವೆಲ್ಲಮ್ ನಿಂತಿರುವುದೂ ಅದರ ಮೇಲೆಯೇ. ಆದರೂ ಸಬ್‌ಸ್ಟೆಪ್ ಬದಲಾದರೆ ಹರಿಯುವ ರೀತಿ ಬದಲಾಗುತ್ತದೆ. ಕೊನೇ ಗಳಿಗೆಯಲ್ಲಿ ಮುಟ್ಟಬೇಡಿ.

7. ಪೀಲಿಂಗ್ ಬೇರೆ ವಿದ್ಯೆ, ಬೇರೆಯಾಗಿ ಕಲಿಯಿರಿ

ಮೇಜಿಗೆ ಟೇಪ್ ಅಂಟಿಸಿ. ಮೇಜಿನ ಉದ್ದಕ್ಕೇ ಎಳೆಯಿರಿ: ಜಪ್ಪಯ್ಯ ಅಂದರೂ ಬರುವುದಿಲ್ಲ. ನೆಟ್ಟಗೆ ಮೇಲಕ್ಕೆ ಎಳೆಯಿರಿ: ಬರುತ್ತದೆ. ಪೂರ್ತಿ ಹಿಂದಕ್ಕೆ ಮಡಚಿ 180 ಡಿಗ್ರಿಗೆ ಎಳೆದರೆ, ಹಿಗ್ಗದ ಟೇಪಿನ ಲೆಕ್ಕದಲ್ಲಿ, 90 ಡಿಗ್ರಿಗೆ ಬೇಕಾದ ಬಲದ ಅರ್ಧ ಸಾಕು. ಆದ್ದರಿಂದ ಅನಿಮೇಟರ್ ಕೊಟ್ಟ ಕೈ ಯಾವ ಕೋನದಲ್ಲಿ ಎಳೆಯುತ್ತಿದೆ ಎಂದು ನೋಡಿಕೊಂಡೇ ಗ್ಲೂ ನಂಬರ್ ಬರೆಯಿರಿ.

ಕಿತ್ತು ಬರುವ ಕೆಲಸ ನಡೆಯುವುದು ಒಂದು ತೆಳು ಗೆರೆಯಲ್ಲಿ. ಅದರ ಹಿಂದಿನದು ಆಗಲೇ ಎದ್ದಾಗಿದೆ, ಮುಂದಿನದು ಅಂಟಿಕೊಂಡೇ ಇದೆ. ಆ ಗೆರೆ ಸರಿದಂತೆ ಗ್ಲೂ ಇಳಿಯುವ ಮ್ಯಾಪ್ ಅನಿಮೇಟ್ ಮಾಡಿ. ಗೆರೆ ಸ್ಕೇಲ್ ಇಟ್ಟು ಎಳೆದಂತಿರದೆ ಅಂಕುಡೊಂಕಾಗಿರಲಿ. ಬೆಂಡ್ ಸ್ಟಿಫ್‌ನೆಸ್ ಏರಿಸಿದರೆ ಸುರುಳಿ ದೊಡ್ಡದಾಗುತ್ತದೆ, ಇಳಿಸಿದರೆ ಚಿಕ್ಕ ಮಡಿಕೆ ಬೀಳುತ್ತದೆ. ಬೆಂಡ್ ಪ್ಲಾಸ್ಟಿಸಿಟಿ ಆನ್ ಮಾಡಿ, ಯಾಕೆಂದರೆ ಒಮ್ಮೆ ಕಿತ್ತ ಸ್ಟಿಕ್ಕರ್ ಮತ್ತೆ ಮಟ್ಟಸವಾಗಿ ಮಲಗುವುದಿಲ್ಲ. ಗೋಡೆಯ ಬಣ್ಣ ಹಕ್ಕಳೆ ಏಳುವ ಶಾಟ್‌ಗಂತೂ ಪ್ಲಾಸ್ಟಿಸಿಟಿ ಬೇಕೇ ಬೇಕು.

ಪೋಸ್ಟರ್ ಕೀಳುವಾಗ ಇನ್ನೊಂದು ಗಮನಿಸಿ. ಪಟ್ಟಿ ಹಿಡಿದು ಎಳೆದರೆ ಎರಡೂ ಬದಿಯ ಸೀಳುಗಳು ಹತ್ತಿರ ಬರುತ್ತಾ ಬರುತ್ತಾ ಚೂಪಾಗಿ ಕೂಡಿಕೊಳ್ಳುತ್ತವೆ, ಕೈಯಲ್ಲಿ ಉಳಿಯುವುದು ಉದ್ದನೆಯ ತ್ರಿಕೋನ. ಮಡಿಕೆಯಲ್ಲಿ ಕೂತ ಶಕ್ತಿ ಪಟ್ಟಿ ಕಿರಿದಾದಷ್ಟೂ ಇಳಿಯುತ್ತದೆ, ಸೀಳು ಒಳಕ್ಕೆ ವಾಲುತ್ತದೆ. 2008ರಲ್ಲಿ ನೇಚರ್ ಮಟೀರಿಯಲ್ಸ್ ಪತ್ರಿಕೆ ಇದರ ಮೇಲೇ ಒಂದು ಸಂಶೋಧನೆ ಪ್ರಕಟಿಸಿತು. ನೀಟಾದ ಆಯತ ಕಿತ್ತು ಬರುವಂತೆ ಮಾಡಿದರೆ ಏನೋ ಸುಳ್ಳು ಅನ್ನಿಸುವುದು ಇದಕ್ಕೇ.

8. ಕ್ಯಾಶ್‌ಗೆ ನಂಬರ್ ಹಾಕಿ

ಪ್ರತಿ ಟೆಸ್ಟ್‌ನಲ್ಲಿ ಒಂದೇ ಒಂದು ಸೆಟ್ಟಿಂಗ್ ಬದಲಿಸಿ, ಪ್ಲೇಬ್ಲಾಸ್ಟ್ (ಪ್ರಿವ್ಯೂ ವಿಡಿಯೋ) ಮೇಲೆ ಅದನ್ನೂ ಕ್ಯಾಶ್ ನಂಬರನ್ನೂ ಬರೆಯಿರಿ. ಲೀಡ್ "ಮೊನ್ನೆಯದೇ ಚೆನ್ನಾಗಿತ್ತು" ಅನ್ನುವುದು ಖಂಡಿತ; ಆಗ ಆ ನಂಬರಿನ ಕ್ಯಾಶ್ ತೆಗೆದರಾಯಿತು.

9. ಸಿಮ್ ಮುಗಿದ ಮೇಲೆ ಅರ್ಧ ದಿನ ಇಟ್ಟುಕೊಳ್ಳಿ

ವರ್ಟೆಕ್ಸ್ ಬೇರೆಯಾದ ಕಾರಣ ಹರಿಯುವ ಮೊದಲೇ ಬಟ್ಟೆಯ ಮೇಲೆ ಫೇಸ್‌ಗಳ ಗೆರೆ ಕಾಣುತ್ತದೆ. ಹರಿಯದ ಕಡೆ ವರ್ಟೆಕ್ಸ್ ಮರ್ಜ್ ಮಾಡಿ, ನಾರ್ಮಲ್ ಸಾಫ್ಟ್ ಮಾಡಿ. ಗಾಳಿಯಲ್ಲಿ ತೇಲುವ ಒಂಟಿ ತ್ರಿಕೋನಗಳನ್ನು ಹುಡುಕಿ ಅಳಿಸಿ. ಕೊಂಚ ದಪ್ಪ ಕೊಡಿ. ಕೊನೆಗೆ ಹರಿದ ಅಂಚಿಗೆ ಕರ್ವ್‌ಗಳಲ್ಲಿ ನೂಲು ಬಿಡಿಸಿ: ಕೆಲವು ಗಿಡ್ಡ, ಕೆಲವು ಉದ್ದ, ಒಂದೆರಡು ಸೀಳಿನ ಆಚೆ ಅಂಚಿಗೂ ಸಿಕ್ಕಿಕೊಂಡಿರಲಿ. ಆ ಪಂಚೆಯ ವಿಡಿಯೋ ಪಕ್ಕದ ಮಾನಿಟರ್‌ನಲ್ಲಿ ಓಡುತ್ತಿರಲಿ. ರೀಲ್ ನೋಡುವ ಸೂಪರ್‌ವೈಸರ್ ಪಾಜ್ ಒತ್ತುವುದು ಈ ಅಂಚಿನ ಮೇಲೆಯೇ.